ಹಳೆಯ ಆಲ್ಫಾ ಸ್ಪೈಡರ್, ನಡಿಗೆಯ ವೇಗ, ಎರಡು ಸೆಕೆಂಡ್ ಶಟರ್: ಕ್ಯಾಮೆರಾ ಬೂಮ್ ಕಟ್ಟಿದ ಲೆಕ್ಕ

ಬೂಮ್, ಅಂದರೆ ಕ್ಯಾಮೆರಾ ಹಿಡಿದುಕೊಂಡು ಕಾರಿನಿಂದ ಹೊರಗೆ ಚಾಚುವ ಉದ್ದ ಪೈಪ್, ಕೊನೆಗೂ ಅಲುಗಾಡದೆ ನಿಂತಿತು, ಬೇಕಾದ ಫೋಟೊ ಸಿಕ್ಕಿತು. ಕಾರಿನ ಗ್ರಿಲ್‌ನ ಒಂದೊಂದು ಪಟ್ಟಿಯೂ ಸ್ಪಷ್ಟ, ಚಕ್ರ ಗಿರ್ರನೆ ತಿರುಗುತ್ತಿದೆ, ಕೆಳಗಿನ ಡಾಂಬರು ಉದ್ದುದ್ದ ಗೆರೆಯಾಗಿ ಹರಿದಿದೆ. ನೋಡಿದವರೆಲ್ಲ ಕೇಳುವುದು ಒಂದೇ: ಎಷ್ಟು ಸ್ಪೀಡಲ್ಲಿತ್ತು? ಇಂಜಿನ್ ಬಂದ್ ಇತ್ತು. ಕಾರು ಸಣ್ಣ ಇಳಿಜಾರಿನಲ್ಲಿ ಸೆಕೆಂಡಿಗೆ ಒಂದು ಮೀಟರಿನಷ್ಟು ಉರುಳುತ್ತಿತ್ತು, ಅಷ್ಟೇ.

ಐವತ್ತು ವರ್ಷದ ಕಾರನ್ನು ಫೋಟೊಗೋಸ್ಕರ ಜೋರಾಗಿ ಓಡಿಸಬೇಕಾಗಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒಂದು ಸಣ್ಣ ರಬ್ಬರ್ ಬುಷ್ ಹೋದರೂ ಅದು ಇಟಲಿಯಿಂದಲೋ ಇಂಗ್ಲೆಂಡಿನಿಂದಲೋ ಬರಬೇಕು. ಓಟ ಕಾಣಬೇಕಾದದ್ದು ಫೋಟೊದಲ್ಲಿ ತಾನೇ? ಅದಕ್ಕೆ ಬೇಕಾದದ್ದು ಉದ್ದ ಶಟರ್ (ಕ್ಯಾಮೆರಾ ಜಾಸ್ತಿ ಹೊತ್ತು ಬೆಳಕಿಗೆ ತೆರೆದಿರುವುದು) ಮತ್ತು ಕಾರಿಗೇ ಅಂಟಿಕೊಂಡು ಅದರ ಜೊತೆಗೇ ಸಾಗುವ ಕ್ಯಾಮೆರಾ. ಮಾಡಿದ್ದನ್ನು ಹಂತವಾರು ಬರೆದಿದ್ದೇನೆ, ಕೆಟ್ಟು ಹೋದದ್ದನ್ನೂ ಸೇರಿಸಿ.

ಹಂತ 1: ಕಾರು ಮತ್ತು ಅಳತೆ

ಕಾರು ಆಲ್ಫಾ ರೋಮಿಯೊ 2000 ಸ್ಪೈಡರ್ ವೆಲೋಚೆ. ಅಂಕೋಲಾದ ಒಬ್ಬರು ಹಿರಿಯರದ್ದು. ಹಡಗಿನಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತರಾದವರು, ನಾವೆಲ್ಲ ಮಾಮ ಅನ್ನುತ್ತೇವೆ. ಈ ಸ್ಪೈಡರ್ ಮೊದಲು ಬಂದದ್ದು 1966ರ ಜಿನೀವಾ ಮೋಟಾರ್ ಶೋದಲ್ಲಿ, ಮೈಕಟ್ಟು ಇಟಲಿಯ ಕಾರು ವಿನ್ಯಾಸ ಕಂಪನಿ ಪಿನಿನ್‌ಫರೀನಾದವರದು. ಮೊದಲ ಕಾರುಗಳ ಹಿಂಭಾಗ ಉದ್ದಕ್ಕೆ ದುಂಡಾಗಿ ಇಳಿಯುತ್ತಿತ್ತು. 1970ರ ಹೊತ್ತಿಗೆ ಅದನ್ನು ನೇರ ಕತ್ತರಿಸಿ ಚಪ್ಪಟೆ ಮಾಡಿದರು. ಮಾಮನ ಕಾರು ಚಪ್ಪಟೆ ಬಾಲದ್ದು, 1962 ಸಿಸಿ, ಎರಡು ಕ್ಯಾಮ್‌ಶಾಫ್ಟ್, ಐದು ಗೇರು. ಬಣ್ಣ ಕೆಂಪು, ಹಿಂದೆ ಯಾವಾಗಲೋ ಪೂರ್ತಿ ಹೊಸದಾಗಿ ಹೊಡೆಸಿದ್ದು.

ಬೂಮ್ ಕಟ್ಟುವವರಿಗೆ ಈ ಕಾರಿನಲ್ಲಿ ಎರಡು ತೊಂದರೆ. ಬಟ್ಟೆಯ ಟಾಪ್ ಆದ್ದರಿಂದ ಸಕ್ಷನ್ ಕಪ್ (ಗಾಳಿ ಹೋಗಿ ಕಚ್ಚಿಕೊಳ್ಳುವ ರಬ್ಬರ್ ಬಟ್ಟಲು) ಅಂಟಿಸಲು ಮೇಲ್ಛಾವಣಿಯೇ ಇಲ್ಲ. ಇನ್ನೊಂದು, ಪಕ್ಕದ ಉದ್ದಕ್ಕೂ ಒಂದು ತಗ್ಗು ಗೆರೆ ಹೋಗುತ್ತದೆ. ಕಾರಿನ ಚೆಂದ ಇರುವುದೇ ಆ ಗೆರೆಯಲ್ಲಿ, ಆದರೆ ಕಪ್ ಇಟ್ಟರೆ ಅಂಚು ಎದ್ದು ಗಾಳಿ ಒಳಗೆ ಹೋಗುತ್ತದೆ. ಹಾಗಾಗಿ ಬಾಗಿಲು ಲೆಕ್ಕಕ್ಕಿಲ್ಲ. ಉಳಿದದ್ದು ಬಾನೆಟ್, ಮುಂದಿನ ಗಾಜು, ಫೆಂಡರ್‌ನ ಮೇಲ್ಭಾಗ, ಡಿಕ್ಕಿಯ ಮುಚ್ಚಳ.

ಟಯರ್ 165 ಆರ್ 14. ಟಯರ್ ಮೇಲೆ ಚಾಕ್‌ನಿಂದ ಒಂದು ಗೆರೆ ಎಳೆದು, ಕಾರನ್ನು ಕೈಯಿಂದ ಒಂದು ಸುತ್ತು ತಳ್ಳಿ ಟೇಪ್ ಹಿಡಿದೆ: 1.95 ಮೀಟರ್. ಇಡೀ ಕೆಲಸಕ್ಕೆ ಇದೊಂದೇ ಅಳತೆ ಆಧಾರ. ಗಂಟೆಗೆ 40 ಕಿ.ಮೀ. ವೇಗದಲ್ಲಿ 1/60 ಸೆಕೆಂಡ್ ಶಟರ್ ಇಟ್ಟರೆ ಅಷ್ಟರಲ್ಲಿ ಚಕ್ರ 34 ಡಿಗ್ರಿ ತಿರುಗುತ್ತದೆ. 1/250 ಇಟ್ಟರೆ ಎಂಟೇ ಡಿಗ್ರಿ, ಕಾರು ನಿಲ್ಲಿಸಿ ತೆಗೆದ ಹಾಗೆ ಕಾಣುತ್ತದೆ.

ಹಂತ 2: ಜಾಗ

ಕಾರವಾರ ಮತ್ತು ಅಂಕೋಲಾ ಮಧ್ಯೆ ಸಮುದ್ರ ಪಕ್ಕದಲ್ಲೇ ಇದೆ, ಆದರೆ ಬಿಣಗಾ, ಅರ್ಗಾ ಕಡೆ ಕದಂಬ ನೌಕಾನೆಲೆ. ಅಲ್ಲಿ ಕ್ಯಾಮೆರಾ ಹೊರಗೆ ತೆಗೆಯುವ ಮಾತೇ ಇಲ್ಲ. ಡ್ರೋನ್ ವಿಚಾರವನ್ನು ಮೊದಲೇ ಬಿಟ್ಟೆ. ಕಾಳಿ ನದಿ ದಾಟಿ ಸದಾಶಿವಗಡ, ಮಾಜಾಳಿ ಕಡೆ ಹೋಗೋಣ ಅಂದರೆ, ಹಳೆಯ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದ ಮೇಲೆ ಎರಡೂ ದಿಕ್ಕಿನ ಲಾರಿಗಳೆಲ್ಲ ಇನ್ನೊಂದು ಸೇತುವೆಯ ಮೇಲೇ ಓಡಾಡುತ್ತಿದ್ದವು. ಅಷ್ಟು ಹೊತ್ತು ಲಾರಿಗಳ ಹಿಂದೆ ಮೊದಲ ಗೇರಿನಲ್ಲಿ ತೆವಳಿಸಿದರೆ ಹಳೆಯ ಇಂಜಿನ್ ಬಿಸಿಯಾಗುತ್ತದೆ. ದೇವಿಮನೆ ಘಟ್ಟದ ತಿರುವುಗಳು ಚೆಂದವೇ, ಆದರೆ ಬಸ್ಸು ಲಾರಿ ಓಡಾಡುವ ರಸ್ತೆಯಲ್ಲಿ ಪೈಪ್ ಚಾಚಿದ ಕಾರು ತರುವುದು ತಪ್ಪು.

ಸಿಕ್ಕಿದ್ದು ಹೆದ್ದಾರಿ ಅಗಲ ಮಾಡಿದಾಗ ಬದಿಗೆ ಉಳಿದುಹೋದ ಹಳೆಯ ರಸ್ತೆಯ ಒಂದು ತುಂಡು. ಸುಮಾರು 400 ಮೀಟರ್, ಒಂದು ತುದಿ ಮುಚ್ಚಿದೆ, ಸ್ವಲ್ಪವೇ ಇಳಿಜಾರು, ಡಾಂಬರು ಇನ್ನೂ ಸರಿ ಇದೆ. ಪೊಲೀಸ್ ಠಾಣೆಗೆ ಹೋಗಿ ಹೇಳಿ ಬಂದೆವು. ಎರಡು ತುದಿಗೂ ಒಬ್ಬೊಬ್ಬರನ್ನು ನಿಲ್ಲಿಸಿದೆವು.

ಬೆಳಕಿನ ವಿಚಾರ: ನಮ್ಮ ಕರಾವಳಿಯಲ್ಲಿ ಸೂರ್ಯ ಘಟ್ಟದ ಹಿಂದಿನಿಂದ ಬರಬೇಕು. ಜನವರಿಯಲ್ಲಿ ಏಳು ಗಂಟೆ ದಾಟಿ ಹುಟ್ಟಿದರೂ ಗುಡ್ಡ ಏರಿ ರಸ್ತೆಗೆ ಬೀಳುವಾಗ ಇನ್ನೂ ಹೊತ್ತಾಗುತ್ತದೆ. ಅದಕ್ಕಿಂತ ಮುಂಚಿನ ಬೆಳಕು ನೆರಳಿಲ್ಲದ್ದು, ಮೆದು. ಬೂಮ್ ಕೆಲಸಕ್ಕೆ ಅದೇ ಬೇಕು, ಯಾಕೆಂದರೆ ಬಿಸಿಲು ಬಿದ್ದರೆ ಪೈಪಿನ ನೆರಳು ಬಾನೆಟ್ ಮೇಲೆ ಅಡ್ಡ ಬೀಳುತ್ತದೆ. ಬೆಳಿಗ್ಗೆ ಗಾಳಿಯೂ ಕಡಿಮೆ. ಮಧ್ಯಾಹ್ನ ಸಮುದ್ರದ ಗಾಳಿ ಎದ್ದರೆ ಪೈಪ್ ನಿಲ್ಲುವುದಿಲ್ಲ.

ಹಂತ 3: ರಸ್ತೆ ಬದಿಯಿಂದ ಪ್ಯಾನಿಂಗ್

ಪ್ಯಾನಿಂಗ್ ಅಂದರೆ ಓಡುವ ಕಾರಿನ ಜೊತೆಗೇ ಕ್ಯಾಮೆರಾ ತಿರುಗಿಸುತ್ತಾ ತೆಗೆಯುವುದು. ಇದು ಎಲ್ಲರಿಗೂ ಗೊತ್ತಿರುವುದೇ, ಜಾಸ್ತಿ ಬರೆಯುವುದಿಲ್ಲ. 70-200 ಎಂಎಂ ಜೂಮ್ ಲೆನ್ಸ್, ರಸ್ತೆಯಿಂದ 15 ಮೀಟರ್ ದೂರ, ಕಾರು 40ರ ವೇಗ. ಅಭ್ಯಾಸಕ್ಕೆ ಬೆಳಿಗ್ಗೆ ಮೀನಿನ ಟೆಂಪೊಗಳು ಧಾರಾಳ ಸಿಗುತ್ತವೆ, ಅವುಗಳ ಮೇಲೆ ಕೈ ಪಳಗಿಸಿಕೊಳ್ಳಿ. 1/125ರಿಂದ ಶುರು ಮಾಡಿ 1/60ಕ್ಕೆ ಇಳಿದೆ. 1/30ರಲ್ಲಿ ಹತ್ತು ತೆಗೆದರೆ ಒಂದು ನಿಲ್ಲುವುದೂ ಕಷ್ಟ. ಲೆನ್ಸಿನ ಸ್ಟೆಬಿಲೈಸರ್ (ಕೈ ನಡುಕ ತಡೆಯುವ ವ್ಯವಸ್ಥೆ) ಅನ್ನು ಪ್ಯಾನಿಂಗ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ಅದು ನಿಮ್ಮ ತಿರುಗಾಟವನ್ನೇ ತಡೆಯಲು ನೋಡುತ್ತದೆ.

ಫೋಟೊ ಸರಿಯೇ ಬಂತು. ಆದರೆ ಪಕ್ಕದಿಂದ ಮಾತ್ರ. ಸ್ಪೈಡರ್‌ನ ಮುಖ ಮತ್ತು ಪಕ್ಕದ ಗೆರೆ ಎರಡೂ ಒಟ್ಟಿಗೆ ಕಾಣಬೇಕು ಅಂದರೆ ಮುಂದಿನ ಮೂಲೆಯಿಂದ ನೋಡಬೇಕು, ಅಲ್ವಾ? ಆ ಕೋನದಲ್ಲಿ ಪ್ಯಾನ್ ಮಾಡಿದರೆ ಕಾರು ಹತ್ತಿರ ಬರುತ್ತಾ ದೊಡ್ಡದಾಗುತ್ತದೆ, ದೀಪ ಸ್ಪಷ್ಟ ಬಂದರೆ ಬಾಲ ಕದಡಿರುತ್ತದೆ.

ಹಂತ 4: ಇನ್ನೊಂದು ಕಾರಿನಿಂದ

ಡಿಕ್ಕಿ ತೆರೆದು ಅದರಲ್ಲಿ ಕೂತು ತೆಗೆಯುವುದನ್ನು ಬಹಳ ಕಡೆ ನೋಡಿದ್ದೇನೆ. ನಾನು ಮಾಡುವುದಿಲ್ಲ. ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿ ಕೂತು, ಕಿಟಕಿ ಪೂರ್ತಿ ಇಳಿಸಿ, ಕ್ಯಾಮೆರಾದ ಪಟ್ಟಿ ಕೊರಳಲ್ಲಿ ಇಟ್ಟುಕೊಂಡು ತೆಗೆದೆ. ಎರಡೂ ಕಾರು 30ರಲ್ಲಿ, ಮಧ್ಯೆ ಮೂರೂವರೆ ಮೀಟರ್. ಶಟರ್ 1/30. ಚಕ್ರ ಸುಮಾರು 50 ಡಿಗ್ರಿ ತಿರುಗಿ ಚೆನ್ನಾಗಿಯೇ ಕಂಡಿತು. ಆದರೆ ಹಳೆಯ ರಸ್ತೆಯ ಸಣ್ಣ ಸಣ್ಣ ಏರುತಗ್ಗಿಗೆ ಎರಡು ಕಾರೂ ಬೇರೆ ಬೇರೆ ಕುಣಿಯುತ್ತವೆ. ನಾಲ್ಕು ನೂರು ಮೀಟರ್ ಮುಗಿಯಲು ಎಷ್ಟು ಹೊತ್ತು ಬೇಕು? ವೇಗ ಹೊಂದಿಸುವಷ್ಟರಲ್ಲಿ ರಸ್ತೆ ಮುಗಿಯುತ್ತಿತ್ತು. ಜೊತೆಗೆ ಮಾಮ ಪ್ರತಿಸಲ ಬ್ರೇಕ್ ಒತ್ತಿ, ತಿರುಗಿಸಿ, ಮತ್ತೆ ಬರಬೇಕು. ತಾಪಮಾನದ ಮುಳ್ಳು ಮೇಲೇರುವುದು ಕಂಡು ಅವರೇ ಸಾಕು ಅಂದರು. ಅಲ್ಲಿಗೆ ಬೂಮ್ ಕಟ್ಟುವುದೇ ದಾರಿ ಅಂತ ತೀರ್ಮಾನ ಆಯಿತು.

ಹಂತ 5: ಪೈಪ್

38 ಎಂಎಂ ಅಲ್ಯೂಮಿನಿಯಂ ಪೈಪ್, 2 ಎಂಎಂ ದಪ್ಪ, 12 ಅಡಿ ಉದ್ದ. ತೂಕ ಎರಡು ಕಿಲೋ ಮೇಲೆ ಸ್ವಲ್ಪ. ಇದರಲ್ಲಿ 1.2 ಮೀಟರ್ ಕಾರಿನ ಮೇಲೆ, 2.4 ಮೀಟರ್ ಹೊರಗೆ. ತುದಿಗೆ ಕೆಳಮುಖವಾಗಿ 35 ಸೆಂ.ಮೀ.ನ ಇನ್ನೊಂದು ತುಂಡು, ಅದಕ್ಕೆ ಬಾಲ್ ಹೆಡ್ (ಕ್ಯಾಮೆರಾವನ್ನು ಬೇಕಾದ ಕಡೆ ತಿರುಗಿಸಿ ಬಿಗಿಯುವ ಗುಂಡು ಕೀಲು), ಅದಕ್ಕೆ ಕ್ಯಾಮೆರಾ. ಲೆನ್ಸ್ ರಸ್ತೆಗೆ ಹತ್ತಿರ ಇದ್ದಷ್ಟೂ ಡಾಂಬರು ಜಾಸ್ತಿ ಹರಿಯುತ್ತದೆ. ಕ್ಯಾಮೆರಾ ಮತ್ತು 17 ಎಂಎಂ ಲೆನ್ಸ್ ಸೇರಿ 1.3 ಕಿಲೋ.

ಮೊದಲ ಪರೀಕ್ಷೆ ನನ್ನ ಆಲ್ಟೊ ಮೇಲೆ. ಮಾಮನ ಕಾರಿನ ಮೇಲೆ ಪ್ರಯೋಗ ಮಾಡಲು ಮನಸ್ಸು ಬರಲಿಲ್ಲ. ಪೈಪ್ ತನ್ನ ಭಾರಕ್ಕೇ ತುದಿಯಲ್ಲಿ 1 ಸೆಂ.ಮೀ. ಬಾಗಿತು, ಕ್ಯಾಮೆರಾ ಹಾಕಿದ ಮೇಲೆ 3 ಸೆಂ.ಮೀ. ಆಯಿತು. ಬಾಗಿದ್ದರಿಂದ ಏನೂ ತೊಂದರೆ ಇಲ್ಲ, ಕುಣಿದರೆ ತೊಂದರೆ. ಬೆರಳಿನಿಂದ ತುದಿ ಒತ್ತಿ ಬಿಟ್ಟರೆ ಸೆಕೆಂಡಿಗೆ ಮೂರು ಸಲ ಮೇಲೆ ಕೆಳಗೆ ಆಡುತ್ತದೆ, ನಿಲ್ಲಲು ಬಹಳ ಹೊತ್ತು ಬೇಕು. ಎರಡು ಸೆಕೆಂಡ್ ಶಟರ್‌ನಲ್ಲಿ ಆರು ಸಲ ಕುಣಿದರೆ ಫೋಟೊದಲ್ಲಿ ಏನು ಉಳಿಯುತ್ತದೆ?

ನೈಲಾನ್ ಹಗ್ಗ ಕಟ್ಟಿ ನೋಡಿದೆ. ಪೈಪಿನ ಮೇಲೆ ಅರ್ಧ ಮೀಟರಿನ ಒಂದು ಗೂಟ ನಿಲ್ಲಿಸಿ, ತುದಿಯಿಂದ ಗೂಟದ ತಲೆಯ ಮೇಲೆ ಹಾಯಿಸಿ, ಹಿಂದಿನ ತುದಿಗೆ ಬಿಗಿದೆ. ಕುಣಿತ ಸ್ವಲ್ಪ ಕಡಿಮೆ ಆಯಿತು, ಹತ್ತು ನಿಮಿಷಕ್ಕೆ ಹಗ್ಗ ಮತ್ತೆ ಸಡಿಲ. ಮೀನು ಹಿಡಿಯುವ ಪರ್ಸೀನ್ ಬೋಟಿನಲ್ಲಿ ಕೆಲಸ ಮಾಡುವ ಗೆಳೆಯ ಒಬ್ಬ ಸುಮ್ನೆ ನೋಡಲು ಬಂದವನು, ಹಗ್ಗವನ್ನು ಒಮ್ಮೆ ಮೀಟಿ ಹೇಳಿದ: "ಏ ಮಾರಾಯ, ನೈಲಾನು ಎಳೆದಷ್ಟೂ ಉದ್ದ ಆಗ್ತದೆ. ನಮ್ಮ ಬೋಟಿನ ಬೂಮಿಗೆ ಏನ್ ಹಾಕಿದ್ದಾರೆ ನೋಡಿಲ್ವಾ? ವೈರ್ ಹಾಕು. ಎರಡು ಬದಿಗೂ ಹಾಕು."

ಹಾಗೇ ಮಾಡಿದೆ. 3 ಎಂಎಂ ಸ್ಟೀಲ್ ವೈರ್ ರೋಪ್. ಮೇಲಿನಿಂದ ಒಂದು, ಎಡಕ್ಕೆ ಬಲಕ್ಕೆ ಒಂದೊಂದು. ಪ್ರತಿಯೊಂದಕ್ಕೂ ಟರ್ನ್‌ಬಕಲ್, ತಿರುಗಿಸಿ ಬಿಗಿ ಮಾಡಲು. ಬಿಗಿ ಮಾಡುವಾಗ ಮೂರನ್ನೂ ಸ್ವಲ್ಪ ಸ್ವಲ್ಪವೇ ಸರದಿಯಲ್ಲಿ ತಿರುಗಿಸಬೇಕು, ಒಂದನ್ನೇ ಎಳೆದರೆ ಪೈಪ್ ಆ ಕಡೆ ವಾಲುತ್ತದೆ. ಸರಿಯಾಗಿ ಬಿಗಿಯಾದಾಗ ಬೆರಳಿನಿಂದ ಮೀಟಿದರೆ ವೈರ್ ಝುಂ ಅನ್ನುತ್ತದೆ, ಸಡಿಲ ಇದ್ದರೆ ಟಪ್ ಅನ್ನುತ್ತದೆ. ಈಗ ತುದಿ ಒತ್ತಿ ಬಿಟ್ಟರೆ ನಡುಗಿ ತಕ್ಷಣ ನಿಲ್ಲುತ್ತದೆ, ಅದೂ ಕೆಲವು ಎಂಎಂ ಅಷ್ಟೇ. ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಈ ಮೂರು ವೈರ್.

ಹಂತ 6: ಕಪ್ ಅಂಟಿಸುವುದು

ಕಪ್‌ಗಳು ಗಾಜಿನ ಅಂಗಡಿಯಲ್ಲಿ ದೊಡ್ಡ ಗಾಜು ಎತ್ತಲು ಬಳಸುವವು. ಹಿಡಿ ಒತ್ತಿದರೆ ಒಳಗಿನ ಗಾಳಿ ಹೋಗಿ ಕಚ್ಚಿಕೊಳ್ಳುತ್ತದೆ. ಪೈಪ್ ಕೂರಲು ಜೋಡಿ ಕಪ್ಪಿನವು ಎರಡು, ಬದಿಯ ವೈರ್‌ಗೆ ಒಂಟಿ ಕಪ್ಪಿನವು ಎರಡು.

ಆಲ್ಟೊ ಮೇಲೆ ಮೊದಲ ಸಲ ಅಂಟಿಸಿದ್ದು ಕಾಲು ಗಂಟೆಯೊಳಗೆ ಬಿಟ್ಟುಹೋಯಿತು. ಕಾರು ರಾತ್ರಿಯಿಡೀ ಹೊರಗಿತ್ತು. ಸಮುದ್ರದ ಹತ್ತಿರ ಇರುವವರಿಗೆ ಗೊತ್ತು, ಬೆಳಿಗ್ಗೆ ಗಾಜಿನ ಮೇಲೆ ಬೆರಳಾಡಿಸಿದರೆ ಜಿಗುಟು. ಮಂಜು ಮತ್ತು ಉಪ್ಪು ಸೇರಿದ ಆ ತೆಳು ಪದರ ಬರೀ ಒಣಬಟ್ಟೆಯಿಂದ ಹೋಗುವುದಿಲ್ಲ, ಉಜ್ಜಿದರೆ ಬಣ್ಣಕ್ಕೂ ಗೀರು. ಈಗ ಮಾಡುವುದು ಹೀಗೆ: ಮೊದಲು ಸಿಹಿನೀರು ಹೊಯ್ದು ತೊಳೆಯುವುದು, ಮೆತ್ತನೆ ಬಟ್ಟೆಯಿಂದ ಒತ್ತಿ ಒಣಗಿಸುವುದು, ಕಪ್ಪಿನ ರಬ್ಬರನ್ನೂ ತೊಳೆದು ಒರೆಸುವುದು, ಆಮೇಲೆ ಅಂಟಿಸುವುದು. ಅಂಟಿಸಿದ ಮೇಲೆ ಕಪ್ಪಿನ ಅಂಚಿಗೆ ತಾಗಿಸಿ ಪೇಪರ್ ಟೇಪ್ ಹಚ್ಚಿ ಅರ್ಧ ಗಂಟೆ ಹಾಗೇ ಬಿಡುತ್ತೇನೆ. ಕಪ್ ಒಂದು ಎಂಎಂ ಸರಿದಿದ್ದರೂ ಟೇಪ್ ಪಕ್ಕದಲ್ಲಿ ಗೊತ್ತಾಗುತ್ತದೆ.

ಮಾಮನ ಕಾರಿಗೆ ಇನ್ನೊಂದು ಜಾಸ್ತಿ ಕೆಲಸ ಇತ್ತು. ಹಳೆಯ ಕಾರಿನಲ್ಲಿ ಬಣ್ಣದ ಕೆಳಗೆ ಎಲ್ಲಿ ಪುಟ್ಟಿ ತುಂಬಿದ್ದಾರೆ ಅಂತ ಕಣ್ಣಿಗೆ ಕಾಣುವುದಿಲ್ಲ. ಅಂಥ ಕಡೆ ಕಪ್ ಎಳೆದರೆ ಬಣ್ಣ ಹಪ್ಪಳದಂತೆ ಎದ್ದು ಬರಬಹುದು. ಸಣ್ಣ ಅಯಸ್ಕಾಂತವನ್ನು ಬನಿಯನ್ ಬಟ್ಟೆಯಲ್ಲಿ ಸುತ್ತಿ ಬಾನೆಟ್ ಮೇಲೆಲ್ಲ ಮೆಲ್ಲಗೆ ಆಡಿಸಿದೆ. ಎಡಗಡೆ ದೀಪದ ಹಿಂದೆ ಅಂಗೈ ಅಗಲದ ಜಾಗದಲ್ಲಿ ಹಿಡಿಯಲಿಲ್ಲ. ಆ ಜಾಗ ಬಿಟ್ಟೆ. ಉಳಿದ ಕಡೆ ಬೆರಳಿನಿಂದ ತಟ್ಟುತ್ತಾ ಹೋದರೆ, ತಗಡಿನ ಅಡಿ ಫ್ರೇಮ್ ಇರುವಲ್ಲಿ ಟಕ್ ಟಕ್, ಇಲ್ಲದಲ್ಲಿ ಡಬ್ ಡಬ್. ಮುಂದಿನ ಜೋಡಿ ಕಪ್ಪನ್ನು ಟಕ್ ಅನ್ನುವ ಜಾಗದಲ್ಲೇ ಇಡಬೇಕು, ಪೂರ್ತಿ ಭಾರ ಕೆಳಮುಖವಾಗಿ ಬೀಳುವುದು ಅದರ ಮೇಲೆ.

ಹಿಂದಿನ ಜೋಡಿ ಕಪ್ ಮಾತ್ರ ಮೇಲಕ್ಕೆ ಎಳೆಯಲ್ಪಡುತ್ತದೆ. ಮೀನು ತೂಗುವ ಕೊಕ್ಕೆಯ ತಕ್ಕಡಿ ಹಾಕಿ ಅಳೆದೆ, ಸುಮಾರು 5 ಕಿಲೋ. ಅದನ್ನು ಬಣ್ಣದ ಮೇಲೆ ಹಾಕದೆ ಮುಂದಿನ ಗಾಜಿನ ಮೇಲೆ ಹಾಕಿದೆ. ಕಪ್ಪಿಗೆ ಗಾಜಿಗಿಂತ ಒಳ್ಳೆಯ ಜಾಗ ಬೇರೆ ಇಲ್ಲ.

"ಬಣ್ಣ ಎದ್ರೆ ಏನ್ ಮಾಡ್ತಿ ತಮ್ಮಾ?" ಅಂತ ಮಾಮ ಕೇಳಿದರು. ಅಯಸ್ಕಾಂತ ಹಿಡಿಸಿ ತೋರಿಸಿದ ಮೇಲೆ ಸುಮ್ಮನಾದರು. ಕಪ್ ಬಿಟ್ಟರೂ ಕ್ಯಾಮೆರಾ ರಸ್ತೆಗೆ ಬೀಳದಂತೆ, ಪೈಪ್ ಬಾನೆಟ್‌ಗೆ ಬಡಿಯದಂತೆ ಬೇರೆಯೇ ಒಂದು ಹಗ್ಗವನ್ನು ಬಂಪರ್‌ನ ಕಬ್ಬಿಣಕ್ಕೆ ಕಟ್ಟಿದ್ದೆ, ಪೈಪ್ ಅಡಿ ದಪ್ಪ ಟವಲ್. ಎರಡೂ ಬೇಕಾಗಲಿಲ್ಲ, ಆದರೆ ಅವಿಲ್ಲದೆ ಕಾರು ಕದಲಿಸಬಾರದು.

ಹಂತ 7: ಉರುಳಿಸುವುದು

ಮೊದಲು ಇಂಜಿನ್ ಚಾಲೂ ಇಟ್ಟು ಮೊದಲ ಗೇರಿನಲ್ಲಿ ತೆವಳಿಸಿದೆವು. ಫೋಟೊ ದೊಡ್ಡದು ಮಾಡಿ ನೋಡಿದರೆ ಗ್ರಿಲ್‌ನ ಪ್ರತಿ ಪಟ್ಟಿಯೂ ಎರಡೆರಡು. ಇಂಜಿನ್ನಿನ ನಡುಕ ಪೈಪಿಗೆ ಹತ್ತಿತ್ತು. ಇಂಜಿನ್ ಬಂದ್ ಮಾಡಿ ನ್ಯೂಟ್ರಲ್‌ನಲ್ಲಿ ಇಳಿಜಾರಿಗೆ ಬಿಟ್ಟಾಗ ಅದು ಹೋಯಿತು.

ಇಲ್ಲಿ ಎಚ್ಚರ ಬೇಕು. ಈ ಕಾರಿಗೆ ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇದೆ, ಆದರೆ ಇಂಜಿನ್ ಬಂದ್ ಆದರೆ ಬ್ರೇಕ್ ಒತ್ತಲು ಬಲ ಕೊಡುವ ಬೂಸ್ಟರ್ ಕೆಲಸ ಮಾಡುವುದಿಲ್ಲ, ಪೆಡಲ್ ಕಲ್ಲಿನ ಹಾಗೆ ಗಟ್ಟಿ. ನಿಲ್ಲಿಸಲು ಕಾಲಿನ ಪೂರ್ತಿ ಬಲ ಹಾಕಬೇಕು. ಮಾಮ ಒಂದು ಕೈಯನ್ನು ಹ್ಯಾಂಡ್ ಬ್ರೇಕ್ ಮೇಲೇ ಇಟ್ಟುಕೊಂಡಿದ್ದರು. ವಾಪಸ್ ಮೇಲಕ್ಕೆ ತಳ್ಳುವುದು ನಾವು ನಾಲ್ಕು ಜನ, ಕಾರು ಸಾವಿರ ಕಿಲೋ ಆಸುಪಾಸು. ಚಕ್ರ ಹೋಗುವ ದಾರಿಯನ್ನು ಕಡ್ಡಿ ಪೊರಕೆಯಲ್ಲಿ ಗುಡಿಸಿದ್ದು ಬಹಳ ಉಪಯೋಗ ಆಯಿತು. ಶೇಂಗಾ ಕಾಳಿನಷ್ಟು ದೊಡ್ಡ ಕಲ್ಲು ಸಿಕ್ಕರೂ ಆ ಫೋಟೊ ಹಾಳು.

ಕ್ಯಾಮೆರಾ: ಐಎಸ್‌ಒ 100, ಎಫ್ 11. ಆ ಬೆಳಕಿಗೆ ಕ್ಯಾಮೆರಾದ ಬೆಳಕಿನ ಮೀಟರ್ ಕೊಟ್ಟದ್ದು 1/30 ಸೆಕೆಂಡ್. ಬೆಳಕನ್ನು 64 ಪಟ್ಟು ಕಡಿಮೆ ಮಾಡುವ ಕಪ್ಪು ಗಾಜು, ಎನ್‌ಡಿ 64 ಫಿಲ್ಟರ್, ಹಾಕಿದರೆ ಎರಡು ಸೆಕೆಂಡ್. ಸೆಕೆಂಡಿಗೆ ಒಂದು ಮೀಟರ್ ಉರುಳಿದರೆ ಎರಡು ಸೆಕೆಂಡಿಗೆ ಎರಡು ಮೀಟರ್, ಅಂದರೆ ಚಕ್ರ ಸರಿಯಾಗಿ ಒಂದು ಸುತ್ತು. ಅದಕ್ಕೇ ಫೋಟೊದಲ್ಲಿ ಚಕ್ರದ ತೂತುಗಳೆಲ್ಲ ಸೇರಿ ಒಂದು ಬಳೆ ಆಗಿವೆ. ನಾಲ್ಕು ಸೆಕೆಂಡ್ ಕೂಡ ನೋಡಿದೆ, ರಸ್ತೆ ಬರೀ ಬೂದು ನೀರು ಆಗುತ್ತದೆ, ಡಾಂಬರಿನ ಗೆರೆ ಉಳಿಯುವುದಿಲ್ಲ. ಒಂದು ಸೆಕೆಂಡಿಗೆ ಚಕ್ರ ಅರ್ಧವೇ. ಎರಡೇ ಸರಿ.

ಲೆನ್ಸಿನ ಸ್ಟೆಬಿಲೈಸರ್ ಬೂಮ್ ಮೇಲೆ ಬಂದ್ ಇರಬೇಕು. ಚಾಲೂ ಇದ್ದಾಗ ಅದು ರಸ್ತೆಯನ್ನು ಹಿಡಿದು ನಿಲ್ಲಿಸಲು ನೋಡಿ ಕಾರನ್ನು ಕದಡಿತು. ಫೋಕಸ್ ಕೈಯಿಂದ ದೀಪದ ಮೇಲೆ ಹಾಕಿ, ರಿಂಗ್‌ಗೆ ಟೇಪ್. ಶಟರ್ ಫೋನಿನಿಂದ. ಕಾರು ಬಿಟ್ಟ ತಕ್ಷಣ ಒತ್ತಬೇಡಿ, ಮೊದಲ ಎರಡು ಮೀಟರ್ ಪೈಪ್ ತೂಗುತ್ತದೆ, ಅದು ಶಾಂತವಾದ ಮೇಲೆ ಒತ್ತಿ.

ಹಂತ 8: ಪೈಪ್ ಅಳಿಸುವುದು

ಪೈಪ್ ಫೋಟೊದಲ್ಲಿ ಮೇಲಿನ ಅಂಚಿನಿಂದ ಬಾನೆಟ್‌ವರೆಗೆ ಬರುತ್ತದೆ, ಬಾನೆಟ್‌ನಲ್ಲಿ ಅದರ ಪ್ರತಿಬಿಂಬವೂ ಇರುತ್ತದೆ. ಕಂಪ್ಯೂಟರಿನಲ್ಲಿ ಸುಮ್ನೆ ಬಳಿದು ಅಳಿಸಿದರೆ ಕೆಂಪು ಬಣ್ಣದಲ್ಲಿ ಮಚ್ಚೆ ಉಳಿಯುತ್ತದೆ. ನಾನು ಬೂಮ್ ಬಿಚ್ಚುವ ಮುಂಚೆ ಲೆನ್ಸಿನ ಎತ್ತರ ಅಳೆದು, ಅದರ ನೇರ ಕೆಳಗೆ ರಸ್ತೆಗೆ ಚಾಕ್ ಗುರುತು ಹಾಕಿದೆ. ಬಿಚ್ಚಿದ ಮೇಲೆ ಅದೇ ಜಾಗದಲ್ಲಿ, ಅದೇ ಎತ್ತರದಲ್ಲಿ ಟ್ರೈಪಾಡ್ ಇಟ್ಟು ನಿಂತ ಕಾರಿನದ್ದು ಒಂದು ತೆಗೆದೆ. ಅದರ ಬಾನೆಟ್ ಮತ್ತು ಗಾಜನ್ನು ಮಾತ್ರ ಮೊದಲ ಫೋಟೊ ಮೇಲೆ ಕೂರಿಸಿದೆ. ಬೆಳಕು ಬೇಗ ಬದಲಾಗುತ್ತದೆ, ಹತ್ತು ನಿಮಿಷದೊಳಗೆ ಮುಗಿಸಬೇಕು.

ಖರ್ಚು

ಪೈಪ್ 850. ಜೋಡಿ ಕಪ್ ಎರಡಕ್ಕೆ 1100, ಒಂಟಿ ಕಪ್ ಎರಡಕ್ಕೆ 500. ಸ್ಕ್ಯಾಫೋಲ್ಡಿಂಗ್ ಕ್ಲಾಂಪ್ ಆರು, 540. ವೈರ್ 10 ಮೀಟರ್ 250. ಟರ್ನ್‌ಬಕಲ್ ಮತ್ತು ವೈರ್ ಕ್ಲಿಪ್ 300. ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಗೂಟ, ತೂತು, ಕೂಲಿ ಸೇರಿ 400. ಒಟ್ಟು 3940 ರೂಪಾಯಿ. ಎನ್‌ಡಿ ಫಿಲ್ಟರ್ ಬೇರೆ, 2400. ಕ್ಲಾಂಪ್ ಮತ್ತು ಪೈಪ್ ಮಧ್ಯೆ ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿದೆ, ಅದಕ್ಕೆ ಕಾಸಿಲ್ಲ. ಸ್ಟೀಲ್ ವೈರ್ ಕೆಲಸ ಮುಗಿದ ಕೂಡಲೇ ಒರೆಸಿ ಎಣ್ಣೆ ಬಟ್ಟೆಯಲ್ಲಿ ಸುತ್ತಿಡಬೇಕು, ನಮ್ಮ ಗಾಳಿಗೆ ವಾರದಲ್ಲೇ ತುಕ್ಕು.

ಇನ್ನು ಬಾಕಿ ಇರುವುದು ಹಿಂಭಾಗದ ಫೋಟೊ. ಡಿಕ್ಕಿ ಮುಚ್ಚಳ ಚಪ್ಪಟೆ, ಅಯಸ್ಕಾಂತವೂ ಎಲ್ಲ ಕಡೆ ಹಿಡಿಯಿತು, ಜೋಡಿ ಕಪ್ ಕೂರುತ್ತದೆ. ಆದರೆ ಮೇಲಕ್ಕೆ ಎಳೆಯುವ ಕಪ್ಪಿಗೆ ಆ ಕಡೆ ಗಾಜಿಲ್ಲ, ಬಟ್ಟೆಯ ಟಾಪ್ ಇದೆ. ಬೂಮಿನ ಆ ತುದಿಯನ್ನು ಸೀಟಿನ ಹಿಂದೆ ಇಳಿಸಿ ನೆಲದ ಬೋಲ್ಟ್‌ಗೆ ವೈರ್ ಕಟ್ಟಬಹುದಾ ಅಂತ ಅಳತೆ ತೆಗೆದುಕೊಂಡು ಬಂದಿದ್ದೇನೆ. ಮಳೆ ಶುರುವಾಗುವ ಮುಂಚೆ ಆಗಬೇಕು, ಆಮೇಲೆ ಮಾಮ ಕಾರಿಗೆ ಹೊದಿಕೆ ಹಾಕಿದರೆ ತೆಗೆಯುವುದು ದಸರಾಕ್ಕೇ.